ವಧುವಿನ ತಂದೆಯ ಕಸುಬು

"ಅತ್ತೆ, ಅಜ್ಜ ತೋಟಗಾರರಾ, ಗುಂಡಿ ತೋಡೋರಾ? ಯಾವುದಾದ್ರೂ ಒಂದು ಹೇಳಿಬಿಡಿ, ನಂಗೂ ಸಾಕಾಗಿದೆ," ಎಂದಳು ಅಣ್ಣನ ಮಗಳು. ಮನೆತನದ ಚರಿತ್ರೆ ಬರೆಯಲು ಹೊರಟು ಮೂರು ವಾರದಿಂದ ಅವಳು ಈ ದಾಖಲೆ ಕಚೇರಿಯಲ್ಲಿ ಧೂಳು ತಿನ್ನುತ್ತಿದ್ದಳು. ಮೇಜಿನ ಮೇಲೆ ಎರಡು ಹಳೆಯ ಪುಸ್ತಕಗಳು ತೆರೆದಿದ್ದವು. ಸ್ಮಶಾನದ ಪುಸ್ತಕದಲ್ಲಿ ಇಪ್ಪತ್ತೆರಡು ವರ್ಷ, ಸತ್ತವರ ಒಂದೊಂದು ಹೆಸರಿನ ಮುಂದೆಯೂ, ಗುಂಡಿ ತೋಡಿದವನ ಜಾಗದಲ್ಲಿ ಅಜ್ಜನ ಸಹಿಯಿತ್ತು. ಅತ್ತೆಯ ಮದುವೆ ನೋಂದಣಿಯಲ್ಲಿ ಮಾತ್ರ ವಧುವಿನ ತಂದೆ ತೋಟಗಾರ. ಅದರ ಕೆಳಗೂ ಅದೇ ಸಹಿ.

ಅತ್ತೆ ಕನ್ನಡಕ ತೆಗೆದು ಕಣ್ಣುಜ್ಜಿಕೊಂಡರು. "ಅದು ನಾನು ಹೇಳಿದ್ದು ಕಣೇ. ಗುಮಾಸ್ತ ಕೇಳಿದ್ದು ಅಪ್ಪನ್ನ. ಅವರು ಬಾಯಿ ತೆಗೆಯೋದ್ರೊಳಗೆ ನಾನೇ ತೋಟಗಾರ ಅಂದ್ಬಿಟ್ಟೆ. ಗಂಡಿನ ಕಡೆಯೋರೆಲ್ಲ ಅಲ್ಲೇ ನಿಂತಿದ್ರಲ್ಲ."

"ಅಜ್ಜ ಏನಂದ್ರು?"

"ಏನನ್ನಲಿ ಪಾಪ. ಉಗುರಲ್ಲಿ ಮಣ್ಣಿತ್ತು, ಬೆರಳು ಮಡಚಿಕೊಂಡ್ರು. ಆಮೇಲೆ ಸಹಿ ಹಾಕಿದ್ರು." ಅತ್ತೆ ಆ ಸಹಿಯ ಮೇಲೆ ಬೆರಳಿಟ್ಟರು. "ನಮ್ಮನೆಗೆ ಬಂದಾಗೆಲ್ಲ ನನ್ನ ಮಾವನ ಹತ್ರ ಕೂತು ಗುಲಾಬಿಗೆ ಹುಳ ಬಿದ್ರೆ ಏನ್ಮಾಡ್ಬೇಕು ಅಂತ ಹೇಳೋರು. ಎಲ್ಲಿ ಕಲ್ತುಕೊಂಡು ಬರ್ತಿದ್ರೋ. ಸಾಯೋವರೆಗೂ ನನ್ನ ಸುಳ್ಳನ್ನ ಅವರು ಬಿಟ್ಟುಕೊಡಲಿಲ್ಲ."

ಅಣ್ಣನ ಮಗಳು ತನ್ನ ಟಿಪ್ಪಣಿ ಪುಸ್ತಕ ತೆರೆದು, "ಹಾಗಾದ್ರೆ ಎರಡನ್ನೂ ಬರೀಲಾ?" ಎಂದಳು.

"ಬೇಡ. ಪೆನ್ನು ಕೊಡು ಇಲ್ಲಿ."

ಅತ್ತೆ ಆ ಟಿಪ್ಪಣಿ ಪುಸ್ತಕದಲ್ಲಿ, ಅಜ್ಜನ ಕಸುಬಿನ ಮುಂದೆ, 'ಸ್ಮಶಾನದಲ್ಲಿ ಗುಂಡಿ ತೋಡುತ್ತಿದ್ದರು' ಎಂದು ಬಿಡಿಸಿ ಬರೆದರು. ಕೆಳಗೆ, ಮಾಹಿತಿ ಕೊಟ್ಟವರು ಯಾರು ಎಂಬಲ್ಲಿ, 'ಮಗಳು' ಎಂದು ಬರೆದರು.