ಕಿವಿಯ ಹತ್ತಿ

ರೆಫರಿಯ ಸೀಟಿ ಕೇಳಿದವರಿಗೆಲ್ಲ ಅವನ ತೀರ್ಪೇ ನಡೆದ ಸಂಗತಿಯಾಗಿ ನೆನಪಿನಲ್ಲಿ ಉಳಿಯುತ್ತಿತ್ತು, ಊದಿದವನಿಗೂ ಅಷ್ಟೇ. ಅದಕ್ಕೇ ರೆಫರಿಗೆ ಅಂಕ ಕೊಡಲು ಬರುವವರು ಕಿವಿಗೆ ಹತ್ತಿ ತುರುಕಿಕೊಂಡು ಕೂರುವುದು ವಾಡಿಕೆ. ತಾಲ್ಲೂಕು ಲೀಗಿನ ಈ ಫುಟ್‌ಬಾಲ್ ಪಂದ್ಯಕ್ಕೂ ಗುರುಮಲ್ಲಪ್ಪ ಹಾಗೆಯೇ ಕೂತಿದ್ದರು.

ಚೆಂಡನ್ನಷ್ಟೇ ಒದ್ದ ನಿಂಗರಾಜನಿಗೆ ರೆಫರಿ ದೊರೆಸ್ವಾಮಿ ಕೆಂಪು ಕಾರ್ಡ್ ತೋರಿಸಿ ಸೀಟಿ ಊದಿದ. ಹುಡುಗ ಅಂಗಿ ಕಳಚಿಟ್ಟು ಹುಣಸೆಮರದ ಕಡೆಗೆ ನಡೆದವನು ಮರ ತಲುಪಲೇ ಇಲ್ಲ, ನಡುದಾರಿಯಲ್ಲೇ ಮಾಯವಾದ. ಕೆಂಪು ಕಾರ್ಡ್ ಕಂಡವನು ಹುಟ್ಟಿಯೇ ಇರಲಿಲ್ಲವೆಂದಾಗುತ್ತಿತ್ತು. ಆಟ ಮುಗಿದ ಮೇಲೆ ತೀರ್ಪು ತಪ್ಪೆಂದು ಗುರುಮಲ್ಲಪ್ಪ ಮೈಕಿನಲ್ಲಿ ಸಾರಿದರಷ್ಟೇ ಅವನು ಮರಳುತ್ತಿದ್ದ.

ಆಟ ಮುಗಿದಾಗ ಹುಡುಗನ ತಾಯಿ ಚಿಕ್ಕತಾಯಮ್ಮ ಮಜ್ಜಿಗೆಯ ಚೊಂಬು ಹಿಡಿದು ಬಂದು ಏನೋ ಅಂದಳು. ಕೇಳಿಸದೆ ಅವರು ಹತ್ತಿ ತೆಗೆದು ಕುರ್ಚಿಯ ಮೇಲಿಟ್ಟರು.

"ಯಾರ್ಗೇಂತ ತಂದ್ನೋ ಕಾಣೆ ಬುದ್ಧಿ. ನನಗೇನು ಮಕ್ಳಾ ಮರಿಯಾ? ನೀವೇ ಕುಡೀರಿ."

ಗುರುಮಲ್ಲಪ್ಪ ಚೊಂಬು ಹಿಡಿದೇ ಮೈಕಿನ ಮೇಜಿನತ್ತ ಹೊರಟರು. ದೊರೆಸ್ವಾಮಿ ಜೊತೆಯಾದ. "ಎಷ್ಟು ಕೊಟ್ರಿ ಸಾರ್?"

"ನಿಂಗರಾಜನ ಕಾರ್ಡ್ ತಪ್ಪು ಕಣಯ್ಯ."

"ಯಾವ ನಿಂಗರಾಜ? ಆ ಟೀಮಲ್ಲಿ ಆಡಿದ್ದೇ ಹತ್ತು ಜನ." ಅವನ ದನಿಯಲ್ಲಿ ಕಪಟವಿರಲಿಲ್ಲ, ಮರುಕವಿತ್ತು. "ಬಿಸ್ಲಿಗೆ ನಿಮ್ಗೆ ತಲೆ ಸುತ್ತಿರ್ಬೇಕು. ತಾಳಿ, ಇನ್ನೊಂದ್ಸಲ ಊದ್ತೀನಿ, ಸರಿಹೋಯ್ತದೆ."

ಸೀಟಿ ತುಟಿಗೆ ಹೋಯಿತು. ಹತ್ತಿ ಕುರ್ಚಿಯಲ್ಲೇ ಉಳಿದಿತ್ತು. ಗುರುಮಲ್ಲಪ್ಪ ಚೊಂಬು ಕೈಬಿಟ್ಟು, ಎರಡೂ ಕಿವಿಗಳನ್ನು ಅಂಗೈಯಲ್ಲಿ ಒತ್ತಿ ಮುಚ್ಚಿ, ನಿಂಗರಾಜ, ನಿಂಗರಾಜ ಎನ್ನುತ್ತ ಓಡಿದರು.

ಮೈಕ್ ಮೇಜಿನ ಮೇಲೆ ಮಲಗಿತ್ತು. ಅದನ್ನೆತ್ತಲು ಒಂದು ಕಿವಿಯಿಂದ ಕೈ ತೆಗೆಯಲೇಬೇಕಿತ್ತು. ಹಿಂದೆ ದೊರೆಸ್ವಾಮಿ ಕೆನ್ನೆಯುಬ್ಬಿಸಿ ಊದುತ್ತಲೇ ಬರುತ್ತಿದ್ದ.