ಹೆಂಟೆ ಏಳುವಷ್ಟು ಆಳ

ಟ್ರ್ಯಾಕ್ಟರಿನ ಮೇಲೆ ಕೂತಿದ್ದ ಲೋವೆಲ್‌ನ ಕೈ ನೇಗಿಲು ಇಳಿಸುವ ಹಿಡಿಕೆಯ ಮೇಲೆ ಹಾಗೇ ನಿಂತುಬಿಟ್ಟಿತು. ಮೊನ್ನೆಯ ಬೆಂಕಿ ಅವನ ಗೋಧಿ ಹೊಲದ ಕೂಳೆಯನ್ನೆಲ್ಲ ನೆಕ್ಕಿಹಾಕಿತ್ತು. ಈಗ ಕ್ಯಾನ್ಸಸ್ಸಿನ ಗಾಳಿ ಬೋಳು ನೆಲದ ಮಣ್ಣನ್ನೇ ಎತ್ತಿ ರಸ್ತೆಯಾಚೆಗೆ ಒಯ್ಯುತ್ತಿತ್ತು. ಉತ್ತರೆ ಮಣ್ಣಿನ ಕಟ್ಟು ಸಡಿಲುತ್ತದೆ, ಉಳದೇ ಬೆಳೆಯುತ್ತೇನೆಂದು ಹಟ ತೊಟ್ಟು ಇಪ್ಪತ್ತು ವರ್ಷ ಈ ನೆಲಕ್ಕೆ ಉಕ್ಕು ಮುಟ್ಟಿಸದವನು ಅವನು. ಅಪ್ಪನ ಈ ನೇಗಿಲನ್ನು ತುಕ್ಕು ತಿನ್ನಲು ಬಿಸಾಕಿದವನೂ ಅವನೇ.

"ಯಾಕೋ, ಪ್ರಾರ್ಥನೆ ಮಾಡ್ತಿದ್ದೀಯೇನೋ?" ಟ್ರ್ಯಾಕ್ಟರಿನ ಪಕ್ಕದಲ್ಲಿ ಟೋಪಿ ಒತ್ತಿ ಹಿಡಿದು ನಿಂತಿದ್ದ ಅಪ್ಪ ಆರ್ಲಿನ್ ಕೂಗಿದ. "ಗಾಳಿಗೆ ಅಡ್ಡ ಹೊಡಿ! ಹೆಂಟೆ ಎದ್ರೆ ಮಣ್ಣು ನಿಲ್ಲುತ್ತೆ. ಇಲ್ಲಾಂದ್ರೆ ಸಂಜೆ ಹೊತ್ತಿಗೆ ನಿನ್ನ ಹೊಲ ಪಕ್ಕದೂರಲ್ಲಿರುತ್ತೆ!"

ಲೋವೆಲ್ ಹಲ್ಲು ಕಚ್ಚಿ ಹಿಡಿಕೆ ಎಳೆದ. ಹತ್ತು ಮಾರು ಹೋಗಿ ತಿರುಗಿ ನೋಡಿದರೆ ಹಿಂದೆ ಎದ್ದದ್ದು ಬರೀ ದೂಳು. ಅದನ್ನೂ ಗಾಳಿ ಬಾಚಿಕೊಂಡಿತು. ಬೇಸಾಯದ ಒಂದು ಮಾತನ್ನೂ ಅಪ್ಪನನ್ನು ಕೇಳದವನು ಈಗ ಅರಚಿದ: "ಎಷ್ಟು ಆಳ ಹಾಕ್ಲಿ ಅಪ್ಪಾ?"

"ಇನ್ನೂ ನಾಲ್ಕು ಬೆರಳು!"

ಟ್ರ್ಯಾಕ್ಟರ್ ನರಳುತ್ತ ಮುಂದೆ ಸರಿಯಿತು. ಹಿಂದೆಯೇ ನಡೆದು ಬಂದ ಆರ್ಲಿನ್ ಬಗ್ಗಿ, ಹಳೆಯ ಬೇರುಗಳು ಹೆಣೆದು ಹಿಡಿದಿದ್ದ ಒಂದು ಹಸಿ ಹೆಂಟೆಯನ್ನು ಎತ್ತಿಕೊಂಡ. ಅಂಗೈ ಮೇಲಿಟ್ಟು ಗಾಳಿಗೆ ಒಡ್ಡಿದ. ಒಂದು ಕಣವೂ ಉದುರಲಿಲ್ಲ. ಮುದುಕ ಅದನ್ನೇ ನೋಡುತ್ತ ನಿಂತ.

"ನನ್ನ ಕಾಲದಲ್ಲಿ ಈ ನೆಲ ಇಂಥಾ ಹೆಂಟೆ ಕೊಟ್ಟಿರಲಿಲ್ಲ ಕಣೋ. ಇಷ್ಟು ವರ್ಷ ನೀನು ಕಟ್ಟಿದ್ದು ಇದನ್ನೇ," ಎಂದ. ಆಮೇಲೆ ಮಗನ ಮುಖ ನೋಡಲಾರದೆ ತಲೆ ತಗ್ಗಿಸಿದ. "ಈಗ ಹೊಲಾನೆಲ್ಲಾ ಉತ್ತು ಒಡಿ."