ಫೋನಿನಲ್ಲಿ ಕಂಡ ತೂಕ

ವನಜಾಕ್ಷಿ ತೂಕದ ಮೆಷಿನ್ ಮೇಲೆ ನಿಂತು, ಫೋನನ್ನು ಪಾದದತ್ತ ಬಗ್ಗಿಸಿ ಅಂಕಿ ತೋರಿಸಿದಳು. ಎಂಬತ್ತೆರಡು.

“ಮೂರು ತಿಂಗಳಾಯ್ತು, ಒಂದು ಕೆಜಿನೂ ಇಳಿದಿಲ್ವಲ್ಲಮ್ಮ!” ಫೋನಿನಲ್ಲಿದ್ದ ಡಾಕ್ಟರು ಹುಬ್ಬು ಗಂಟಿಕ್ಕಿದರು. “ಇಂಜೆಕ್ಷನ್ ತಪ್ಪಿಸ್ತಿಲ್ಲ ತಾನೆ?”

“ಒಂದು ವಾರಾನೂ ತಪ್ಪಿಸಿಲ್ಲ ಸಾರ್.”

“ವಾಂತಿ, ಸುಸ್ತು ಏನಾದ್ರೂ?”

ಅವಳು ಬಚ್ಚಲಿನ ಮುಚ್ಚಿದ ಬಾಗಿಲನ್ನೊಮ್ಮೆ ನೋಡಿದಳು. “ಏನೂ ಇಲ್ಲ ಸಾರ್.”

“ಹಾಗಾದ್ರೆ ಡೋಸ್ ಸ್ವಲ್ಪ ಏರಿಸೋಣ.”

“ಏರಿಸಿ ಸಾರ್. ಮನೇಲಿ ಮದುವೆ ಇದೆ, ಇನ್ನು ಹತ್ತೇ ದಿನ.”

ಫೋನಿಟ್ಟು, ಫ್ರಿಜ್ಜಿನಿಂದ ಇಂಜೆಕ್ಷನ್ ತೆಗೆದು ಮಗಳನ್ನು ಕೂಗಿದಳು. “ಬಾರೇ ಪುಟ್ಟಿ, ಗಂಡಿನ ಕಡೆಯವರು ಮತ್ತೆ ದಪ್ಪ ಅನ್ನಬಾರದು.”

ಬಚ್ಚಲಿನಿಂದ ಗೋಡೆ ಹಿಡಿದುಕೊಂಡು ಬಂದ ಮದುಮಗಳ ಇಳಿಬಿದ್ದ ಕೈಯಿಂದ, ನಿಶ್ಚಿತಾರ್ಥದ ದಿನ ಸೋಪು ಹಚ್ಚಿ ತೊಡಿಸಿದ್ದ ಹಸಿರು ಬಳೆಗಳು ಒಂದೊಂದಾಗಿ ಜಾರಿ ನೆಲಕ್ಕೆ ಬಿದ್ದವು.